ಡೊಮೇನ್ ಹೆಸರನ್ನು ಸರ್ವರ್‌ಗೆ ಜೋಡಿಸುವುದು ಹೇಗೆ? ಡಿಎನ್‌ಎಸ್ ದಾಖಲೆಗಳ ಪರಿಚಯ

ಬಸದಿಯ ಟ್ರಸ್ಟ್, ವಿದ್ಯಾರ್ಥಿನಿಲಯ, ಪತ್ತಿನ ಸಹಕಾರಿ ಸಂಘ, ಮನೆತನದ ಅಂಗಡಿ ಹೀಗೆ ಇಂದು ಎಲ್ಲರಿಗೂ ಸ್ವಂತ ವೆಬ್‌ಸೈಟ್ ಬೇಕು. ಸೈಟ್ ಸಿದ್ಧವಾದ ಮೇಲೆ ತಯಾರಿಸಿದವರು ಕೇಳುವ ಮಾತು ಸಾಮಾನ್ಯವಾಗಿ ಒಂದೇ: "ಡೊಮೇನ್ ಪಾಯಿಂಟ್ ಮಾಡಬೇಕು, ಪಾಸ್‌ವರ್ಡ್ ಕಳಿಸಿ." ಹೆಚ್ಚಿನವರು ಕಳಿಸಿಬಿಡುತ್ತಾರೆ. ಹೊಸ ಸೈಟ್ ಚೆನ್ನಾಗಿಯೇ ತೆರೆಯುತ್ತದೆ. ಆದರೆ ಎಷ್ಟೋ ಕಡೆ ಅದೇ ದಿನ ಕಚೇರಿಯ ಇಮೇಲ್ ನಿಂತುಹೋಗಿರುತ್ತದೆ. ಅದು ಗಮನಕ್ಕೆ ಬರುವುದು ವಾರ ಕಳೆದ ಮೇಲೆ. ನಿಜವಾಗಿ ಇದು ಒಂದೆರಡು ಸಾಲು ಬದಲಿಸುವ ಕೆಲಸ. ಯಾವ ಸಾಲು ಎಂದು ತಿಳಿದರೆ ಮನೆಯಲ್ಲಿ ಕಂಪ್ಯೂಟರ್ ಬಲ್ಲ ಯಾರು ಬೇಕಾದರೂ ಮಾಡಬಹುದು.

ಮೊದಲು ಮೂರು ವಿಷಯಗಳನ್ನು ಬೇರೆಬೇರೆಯಾಗಿ ನೋಡಬೇಕು. ಡೊಮೇನ್ ಎಂದರೆ ಹೆಸರು. ಅದನ್ನು ರಿಜಿಸ್ಟ್ರಾರ್ ಎಂಬ ಸಂಸ್ಥೆಯಲ್ಲಿ ವರ್ಷದ ಲೆಕ್ಕದಲ್ಲಿ ಹಣ ಕಟ್ಟಿ ನೋಂದಾಯಿಸುತ್ತೇವೆ. ಹೋಸ್ಟಿಂಗ್ ಎಂದರೆ ಸೈಟಿನ ಪುಟಗಳು ಇರುವ ಸರ್ವರ್. ಇವೆರಡರ ನಡುವೆ, ಈ ಹೆಸರಿನವರು ಈ ವಿಳಾಸದಲ್ಲಿದ್ದಾರೆ ಎಂದು ಹೇಳುವ ವಹಿ ಡಿಎನ್‌ಎಸ್. ಮೂರನ್ನೂ ಒಂದೇ ಕಂಪನಿಯಿಂದ ಕೊಂಡವರಿಗೆ ಮೂರೂ ಒಂದೇ ಎನಿಸುವುದು ಸಹಜ. ಆದರೆ ಸರ್ವರ್ ಬದಲಿಸಲು ಡೊಮೇನನ್ನು ವರ್ಗಾಯಿಸಬೇಕಾಗಿಲ್ಲ. ಹಾಗೆ ವರ್ಗಾಯಿಸಲೇಬೇಕು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಈ ವಹಿಗೂ ಒಂದು ಇತಿಹಾಸವಿದೆ. ಆರಂಭದಲ್ಲಿ ಜಾಲದ ಎಲ್ಲ ಕಂಪ್ಯೂಟರ್‌ಗಳ ಹೆಸರು, ವಿಳಾಸಗಳು ಒಂದೇ ಕಡತದಲ್ಲಿದ್ದವು. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫೋರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಅದನ್ನು ತಿದ್ದುತ್ತಿದ್ದರು, ಉಳಿದವರು ಅದರ ಪ್ರತಿ ಇಳಿಸಿಕೊಳ್ಳುತ್ತಿದ್ದರು. ಹೆಸರುಗಳು ಹೆಚ್ಚಾದಂತೆ ಇದು ಕೈಮೀರಿತು. 1983ರಲ್ಲಿ ಪಾಲ್ ಮಾಕಪೆಟ್ರಿಸ್ ಅವರು ಈ ಕೆಲಸವನ್ನು ಹಂಚುವ ಏರ್ಪಾಟನ್ನು ರೂಪಿಸಿದರು. ಮೇಲೆ ಮೂಲ ಸರ್ವರ್‌ಗಳು, ಅವುಗಳ ಕೆಳಗೆ ಡಾಟ್ ಕಾಮ್, ಡಾಟ್ ಇನ್ ಮುಂತಾದವು, ಅವುಗಳ ಕೆಳಗೆ ನಿಮ್ಮ ಹೆಸರು. ಡಾಟ್ ಇನ್ ನೋಂದಣಿಯ ಹೊಣೆ ನಮ್ಮ ದೇಶದ ನಿಕ್ಸಿ ಸಂಸ್ಥೆಯದು. ಆದರೆ ನಿಮ್ಮ ಹೆಸರಿನ ಒಳಗಿನ ದಾಖಲೆಗಳು ನಿಕ್ಸಿಯಲ್ಲಿ ಇರುವುದಿಲ್ಲ. ಅವು ಇರುವುದು ನೀವು ಸೂಚಿಸಿದ ನೇಮ್‌ಸರ್ವರ್‌ನಲ್ಲಿ.

ಎಡವುವುದು ಇಲ್ಲಿಯೇ. ಹೋಸ್ಟಿಂಗ್ ಕಂಪನಿಗಳು ಬಹಳಷ್ಟು ಸಲ "ನಮ್ಮ ನೇಮ್‌ಸರ್ವರ್ ಹಾಕಿಕೊಳ್ಳಿ" ಎನ್ನುತ್ತವೆ. ಅದು ಅವರಿಗೆ ಸುಲಭ. ಆದರೆ ನೇಮ್‌ಸರ್ವರ್ ಬದಲಿಸುವುದೆಂದರೆ ಒಂದು ಸಾಲು ತಿದ್ದುವುದಲ್ಲ, ಇಡೀ ವಹಿಯನ್ನೇ ಬಿಟ್ಟು ಹೊಸ ಖಾಲಿ ವಹಿ ತೆರೆದ ಹಾಗೆ. ಹಳೆಯದರಲ್ಲಿದ್ದ ಇಮೇಲ್ ದಾಖಲೆಗಳನ್ನು ಮೊದಲೇ ಹೊಸದಕ್ಕೆ ಬರೆದಿರದಿದ್ದರೆ ಅವು ಇಲ್ಲದಂತಾಗುತ್ತವೆ. ಸೈಟ್ ಮಾತ್ರ ಬದಲಾಗುವುದಿದ್ದರೆ ನೇಮ್‌ಸರ್ವರ್ ಮುಟ್ಟಬೇಡಿ; ಎ ದಾಖಲೆಯನ್ನಷ್ಟೇ ಬದಲಿಸಿ ಎಂಬುದು ನಮ್ಮ ಸಲಹೆ.

ಎ ದಾಖಲೆ ಎಂದರೆ ಹೆಸರಿನ ಎದುರು ಸರ್ವರ್‌ನ ಐಪಿ ವಿಳಾಸ. ಹೋಸ್ಟಿಂಗ್ ಕಂಪನಿ ಕೊಡುವ ಈ ವಿಳಾಸ 203.0.113.10 ಎಂಬ ರೀತಿಯಲ್ಲಿ ನಾಲ್ಕು ಅಂಕೆಗಳಾಗಿರುತ್ತದೆ (ಇದು ಉದಾಹರಣೆಗೆಂದೇ ಮೀಸಲಿಟ್ಟ ವಿಳಾಸ, ಇದನ್ನೇ ಹಾಕಬೇಡಿ). ರಿಜಿಸ್ಟ್ರಾರ್‌ನ ಪುಟದಲ್ಲಿ ಡಿಎನ್‌ಎಸ್ ಎಂಬ ಭಾಗ ತೆರೆದರೆ ದಾಖಲೆಗಳ ಪಟ್ಟಿ ಕಾಣುತ್ತದೆ. ಹೆಸರಿನ ಜಾಗದಲ್ಲಿ @ ಚಿಹ್ನೆ ಇದ್ದರೆ ಅದು ನಿಮ್ಮ ಮೂಲ ಡೊಮೇನ್. ಅದರ ಎ ದಾಖಲೆಯಲ್ಲಿ ಹೊಸ ಐಪಿ ಬರೆಯಿರಿ. ಡಬ್ಲ್ಯುಡಬ್ಲ್ಯುಡಬ್ಲ್ಯು ಎಂಬುದು ಬೇರೆಯೇ ಹೆಸರು. ಅದಕ್ಕೆ ಸಿನೇಮ್ ದಾಖಲೆ ಮಾಡಿ ಮೂಲ ಡೊಮೇನ್ ಕಡೆಗೆ ತೋರಿಸಿದರೆ ಸಾಕು, ಮುಂದೆ ಐಪಿ ಬದಲಾದರೂ ಒಂದೇ ಕಡೆ ತಿದ್ದಬಹುದು. ಮೂಲ ಡೊಮೇನ್‌ಗೆ ಮಾತ್ರ ಸಿನೇಮ್ ಹಾಕುವಂತಿಲ್ಲ. ಸಿನೇಮ್ ಇರುವ ಹೆಸರಿನಲ್ಲಿ ಬೇರೆ ದಾಖಲೆ ಇರಬಾರದು, ಮೂಲ ಡೊಮೇನಿನಲ್ಲಿ ನೇಮ್‌ಸರ್ವರ್ ದಾಖಲೆ ಇದ್ದೇ ಇರುತ್ತದೆ.

ಹೊಸ ಎ ದಾಖಲೆ ಸೇರಿಸಿ ಹಳೆಯದನ್ನು ಅಳಿಸಲು ಮರೆತರೆ ಕೆಲವರಿಗೆ ಹೊಸ ಸೈಟ್, ಕೆಲವರಿಗೆ ಹಳೆಯದು ಕಾಣುತ್ತದೆ. ಇನ್ನೊಂದು ತೊಡಕು ನಾಲ್ಕು ಎ ದಾಖಲೆಯದು. ಇದು ಐಪಿವಿ6 ಎಂಬ ಉದ್ದನೆಯ ವಿಳಾಸಕ್ಕೆ. ಹಳೆಯ ಸರ್ವರ್‌ನ ನಾಲ್ಕು ಎ ಉಳಿದುಬಿಟ್ಟರೆ ಕಚೇರಿಯ ಕಂಪ್ಯೂಟರಿನಲ್ಲಿ ಹೊಸ ಸೈಟ್, ಐಪಿವಿ6 ಬಳಸುವ ಮೊಬೈಲಿನಲ್ಲಿ ಹಳೆಯದು ಎಂಬ ವಿಚಿತ್ರ ಎದುರಾಗುತ್ತದೆ. ಹೊಸ ಸರ್ವರ್‌ಗೆ ಅಂಥ ವಿಳಾಸ ಇಲ್ಲದಿದ್ದರೆ ಆ ಸಾಲನ್ನು ತೆಗೆದುಬಿಡಿ.

ಇನ್ನು ಇಮೇಲ್. ಅಂಚೆ ಎಲ್ಲಿಗೆ ತಲುಪಬೇಕೆಂದು ಹೇಳುವುದು ಎಂಎಕ್ಸ್ ದಾಖಲೆ. ಈ ಡೊಮೇನಿನ ಪರವಾಗಿ ಯಾವ ಸರ್ವರ್ ಅಂಚೆ ಕಳಿಸಬಹುದೆಂದು ಹೇಳುವ ಸಾಲು ಟಿಎಕ್ಸ್‌ಟಿ ದಾಖಲೆಗಳಲ್ಲಿ ಇರುತ್ತದೆ. ಇವನ್ನು ಮುಟ್ಟಬೇಡಿ, ಆದರೆ ಓದಿ ನೋಡಿ. ಎಂಎಕ್ಸ್ ಎದುರು ಬೇರೆ ಇಮೇಲ್ ಸೇವೆಯ ಹೆಸರಿದ್ದರೆ ಚಿಂತೆಯಿಲ್ಲ. ಅಲ್ಲಿ ನಿಮ್ಮದೇ ಮೂಲ ಡೊಮೇನ್ ಇದ್ದರೆ ಎಚ್ಚರ: ಎ ದಾಖಲೆ ಬದಲಿಸಿದ ಕೂಡಲೇ ಅಂಚೆಯೂ ಹೊಸ ಸರ್ವರ್‌ಗೆ ಹೋಗುತ್ತದೆ, ಅಲ್ಲಿ ನಿಮ್ಮ ಅಂಚೆಪೆಟ್ಟಿಗೆಯೇ ಇರುವುದಿಲ್ಲ. ಇದಕ್ಕೆ ಪರಿಹಾರ ಸುಲಭ. ಮೇಲ್ ಎಂಬ ಉಪಹೆಸರಿಗೆ ಎ ದಾಖಲೆ ಮಾಡಿ ಹಳೆಯ ಸರ್ವರ್‌ನ ಐಪಿ ಕೊಡಿ, ನಂತರ ಎಂಎಕ್ಸ್ ಅನ್ನು ಆ ಉಪಹೆಸರಿನ ಕಡೆಗೆ ತಿರುಗಿಸಿ, ಆಮೇಲೆ ಸೈಟಿನ ಐಪಿ ಬದಲಿಸಿ. ಮೊದಲೇ ಉಪಹೆಸರಿಗೆ ಸಿನೇಮ್ ಇದ್ದರೆ ಅದನ್ನು ತೆಗೆದು ಎ ದಾಖಲೆ ಮಾಡಬೇಕು. ಅಂಚೆ ಅಲ್ಲೇ ಉಳಿಯುವವರೆಗೆ ಹಳೆಯ ಹೋಸ್ಟಿಂಗ್ ರದ್ದು ಮಾಡಬಾರದು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಟಿಎಕ್ಸ್‌ಟಿಯಲ್ಲಿ ಹಳೆಯ ಐಪಿಯ ಉಲ್ಲೇಖ ಇದೆಯೇ ಎಂದು ಇಮೇಲ್ ನೋಡಿಕೊಳ್ಳುವವರನ್ನು ಕೇಳಿ ಖಚಿತಪಡಿಸಿಕೊಳ್ಳಿ.

"48 ಗಂಟೆ ಕಾಯಬೇಕು" ಎಂಬ ಮಾತನ್ನು ಎಲ್ಲರೂ ಕೇಳಿರುತ್ತಾರೆ. ಪ್ರತಿ ದಾಖಲೆಯ ಜೊತೆಗೆ ಟಿಟಿಎಲ್ ಎಂಬ ಅಂಕೆ ಇರುತ್ತದೆ. ಒಮ್ಮೆ ಕೇಳಿ ತಿಳಿದ ಉತ್ತರವನ್ನು ಎಷ್ಟು ಸೆಕೆಂಡ್ ನೆನಪಿಟ್ಟುಕೊಳ್ಳಬಹುದು ಎಂಬುದು ಅದರ ಅರ್ಥ. 86400 ಎಂದಿದ್ದರೆ ಒಂದು ದಿನ, 3600 ಎಂದರೆ ಒಂದು ಗಂಟೆ. ಬದಲಾವಣೆಗೆ ಒಂದೆರಡು ದಿನ ಮೊದಲೇ ಇದನ್ನು 300ಕ್ಕೆ ಇಳಿಸಿಟ್ಟರೆ ಮುಖ್ಯ ದಿನ ಹೆಚ್ಚಿನವರಿಗೆ ಐದು ಹತ್ತು ನಿಮಿಷದಲ್ಲಿ ಹೊಸ ಸೈಟ್ ಸಿಗುತ್ತದೆ. ಏನಾದರೂ ತಪ್ಪಾದರೆ ಅಷ್ಟೇ ಬೇಗ ಹಿಂದಿರುಗಬಹುದು. ಎಲ್ಲ ಸರಿಯಾದ ಮೇಲೆ 3600 ಮಾಡಿ. ವಿಂಡೋಸ್‌ನ ಕಮಾಂಡ್ ಕಿಟಕಿಯಲ್ಲಿ ಎನ್‌ಎಸ್‌ಲುಕಪ್ ಆದೇಶದ ಮುಂದೆ ಡೊಮೇನ್, ಅದರ ಮುಂದೆ 8.8.8.8 ಬರೆದರೆ ಗೂಗಲ್‌ನ ಡಿಎನ್‌ಎಸ್‌ಗೆ ಯಾವ ಐಪಿ ಕಾಣುತ್ತಿದೆ ಎಂದು ತಿಳಿಯುತ್ತದೆ. ಐಪಿ ಸರಿಯಿದ್ದೂ ಬೇರೆ ಯಾರದೋ ಪುಟ ತೆರೆದರೆ ತಪ್ಪು ಡಿಎನ್‌ಎಸ್‌ನಲ್ಲಿ ಇಲ್ಲ. ಆ ಸರ್ವರ್‌ನಲ್ಲಿ ನಿಮ್ಮ ಡೊಮೇನ್ ಹೆಸರನ್ನು ಸೇರಿಸಿರುವುದಿಲ್ಲ. ಬ್ರೌಸರ್‌ನಲ್ಲಿ ಬೀಗದ ಭದ್ರತೆಗೆ ಬೇಕಾದ ಪ್ರಮಾಣಪತ್ರವನ್ನು ಲೆಟ್ಸ್ ಎನ್‌ಕ್ರಿಪ್ಟ್ ಉಚಿತವಾಗಿ ಕೊಡುತ್ತದೆ. ಸಾಮಾನ್ಯ ವಿಧಾನದಲ್ಲಿ ಅದು ಸಿಗುವುದು ಹೆಸರು ಹೊಸ ಸರ್ವರ್ ಕಡೆಗೆ ತಿರುಗಿದ ಮೇಲೆಯೇ.

ಕನ್ನಡ ಲಿಪಿಯಲ್ಲೇ ಡಾಟ್ ಭಾರತ ಹೆಸರು ಪಡೆದವರಿಗೂ ಕ್ರಮ ಇದೇ. ಪಟ್ಟಿಯಲ್ಲಿ ನಿಮ್ಮ ಕನ್ನಡ ಹೆಸರಿನ ಬದಲು ಎಕ್ಸ್‌ಎನ್ ಮತ್ತು ಎರಡು ಅಡ್ಡಗೆರೆಯಿಂದ ಶುರುವಾಗುವ ಅಕ್ಷರಗಳು ಕಂಡರೆ ಗಾಬರಿ ಬೇಡ, ಡಿಎನ್‌ಎಸ್ ಒಳಗೆ ಅದನ್ನು ಬರೆಯುವ ರೀತಿ ಅದು.

ಟ್ರಸ್ಟ್ ಮತ್ತು ಸಂಘಗಳಿಗೆ ಒಂದು ಮಾತು. ಪದಾಧಿಕಾರಿಗಳು ಬದಲಾಗುತ್ತಾರೆ, ಡಿಸೈನರ್‌ಗಳೂ ಬದಲಾಗುತ್ತಾರೆ. ಡೊಮೇನ್ ಯಾರ ಹೆಸರಿನಲ್ಲಿ, ಯಾವ ಇಮೇಲ್‌ನಲ್ಲಿ ನೋಂದಣಿಯಾಗಿದೆ ಎಂದು ಇಂದೇ ನೋಡಿ. ಅದು ಡಿಸೈನರ್‌ನ ಹೆಸರಿನಲ್ಲಿದ್ದರೆ ದಾಖಲೆ ಪ್ರಕಾರ ಅವರೇ ಒಡೆಯರು. ಸಂಸ್ಥೆಯ ಹೆಸರಿಗೆ ಬದಲಿಸಿಕೊಳ್ಳಿ, ಮತ್ತು ಆ ಖಾತೆಯ ಇಮೇಲ್ ಅದೇ ಡೊಮೇನಿನದ್ದಾಗಿರದಂತೆ ನೋಡಿಕೊಳ್ಳಿ. ಡೊಮೇನ್ ಕೆಟ್ಟ ದಿನ ಆ ಇಮೇಲೂ ಕೆಲಸ ಮಾಡುವುದಿಲ್ಲ. ನವೀಕರಣ ತಪ್ಪಿ ಡಾಟ್ ಕಾಮ್ ಹೆಸರು ಅಳಿಸುವ ಹಂತಕ್ಕೆ ಹೋದರೆ ಹೆಚ್ಚಿನ ಶುಲ್ಕ ಕಟ್ಟಿ ಬಿಡಿಸಿಕೊಳ್ಳಲು 30 ದಿನ ಇರುತ್ತದೆ, ಆಮೇಲೆ ಅದನ್ನು ಯಾರು ಬೇಕಾದರೂ ಕೊಳ್ಳಬಹುದು. ಡಿಎನ್‌ಎಸ್ ಪುಟದ ಚಿತ್ರ ತೆಗೆದು, ದಿನಾಂಕ ಬರೆದು, ಮುದ್ರಿಸಿ ಸಂಸ್ಥೆಯ ಕಡತದಲ್ಲಿ ಇಡಿ. ಬದಲಾವಣೆ ಮಾಡುವ ಮೊದಲು ಒಂದು, ಮಾಡಿದ ಮೇಲೆ ಒಂದು.