ಶಬ್ದ ಒಂದೇ, ಅರ್ಥ ಎರಡು

ಪಾಲಕರೇ, ಶಿರೂರ ಅನಂತಪಾಳದ ಬೇಸಿಗೆ ಬಿಸಿಲಿಗೆ ನಿಲ್ಲಿಸಿದ ಸೈಕಲ್ಲಿನ ಚಕ್ರ ಮಧ್ಯಾಹ್ನ ಗಟ್ಟಿಯಾಗುವುದನ್ನು ನೀವು ಮುಟ್ಟಿ ನೋಡಿರಬಹುದು. ಗಾಳಿಯನ್ನು ಯಾರೂ ಹೆಚ್ಚಿಗೆ ಹಾಕಿರುವುದಿಲ್ಲ. ಒಳಗಿನ ಗಾಳಿಯ ಅಣುಗಳು ಸೆಕೆಂಡಿಗೆ ಸುಮಾರು 500 ಮೀಟರ್ ವೇಗದಲ್ಲಿ ಓಡುತ್ತ ಟ್ಯೂಬಿಗೆ ಬಡಿಯುತ್ತಲೇ ಇರುತ್ತವೆ. ಆ ಬಡಿತವೇ ಒತ್ತಡ. ಕಾಯ್ದಷ್ಟೂ ವೇಗ ಹೆಚ್ಚು, ಬಡಿತ ಜೋರು. 27 ಡಿಗ್ರಿಯ ಗಾಳಿ 57 ಡಿಗ್ರಿಗೆ ಕಾಯ್ದರೆ, ಟ್ಯೂಬು ಹಿಗ್ಗದಿದ್ದರೆ, ಒಳಗಿನ ಒಟ್ಟು ಒತ್ತಡ ಹತ್ತರಲ್ಲಿ ಒಂದು ಪಾಲು ಏರುತ್ತದೆ.

ಇಷ್ಟು ತಿಳಿದ ಮಗುವೂ ಕನ್ನಡ ಶಾಲೆ ಮುಗಿಸಿ ಮರಾಠಿ ಮಾಧ್ಯಮಕ್ಕೆ ಹೋದಾಗ ಎಡವಬಹುದು. ನಮ್ಮ ‘ಅಣು’ ಮರಾಠಿಯಲ್ಲಿ ‘ರೇಣು’. ಮರಾಠಿಯ ‘ಅಣು’ ನಮ್ಮ ‘ಪರಮಾಣು’. ನಮ್ಮ ‘ಒತ್ತಡ’ ಅಲ್ಲಿ ‘ದಾಬ’. ತಮಿಳಿನಲ್ಲೂ ‘ಅಣು’ ಎಂದರೆ ಪರಮಾಣುವೇ. ತಮಿಳು ಶಾಲೆಯಿಂದ ಕನ್ನಡ ಶಾಲೆಗೆ ಬಂದ ನಾನು ಈ ಒಂದು ಶಬ್ದಕ್ಕೆ ಅಂಕ ಕಳೆದುಕೊಂಡವನು. ವಿಷಯ ತಿಳಿದಿತ್ತು, ಶಬ್ದ ತಪ್ಪಿತ್ತು.

ಆದ್ದರಿಂದ ಮಗುವಿನ ವಿಜ್ಞಾನದ ನೋಟಬುಕ್ಕಿನ ಕೊನೆಯ ಪುಟದಲ್ಲಿ ಎರಡೂ ಭಾಷೆಯ ಶಬ್ದಗಳನ್ನು ಎದುರುಬದುರು ಬರೆಸಿರಿ. ಅಂಕ ಕಡಿಮೆ ಬಂದರೆ ‘ಕನ್ನಡದಲ್ಲಿ ಕಲಿಸಿದ್ದೇ ತಪ್ಪಾಯಿತು’ ಎನ್ನುವ ಮೊದಲು ಬಿಸಿಲಲ್ಲಿರುವ ಸೈಕಲ್ ತೋರಿಸಿ ಕೇಳಿರಿ: ಚಕ್ರ ಗಟ್ಟಿಯಾದದ್ದೇಕೆ? ಮಗು ಯಾವ ಭಾಷೆಯಲ್ಲಿ ಸರಿಯಾಗಿ ಹೇಳಿದರೂ ಅದಕ್ಕೆ ವಿಜ್ಞಾನ ಬಂದಿದೆ.