ರೇಮಂಡ್ ರಾಜೊನಾರಿವೆಲೊ

ರೇಮಂಡ್ ರಾಜೊನಾರಿವೆಲೊ (ಜನನ: 1952, ಅಂಟಾನನರಿವೊ) ಮಡಗಾಸ್ಕರ್ ದೇಶದ ಚಲನಚಿತ್ರ ನಿರ್ದೇಶಕರು. ಸ್ವದೇಶದ ಇತಿಹಾಸವನ್ನೂ ಜನಪದ ನಂಬಿಕೆಗಳನ್ನೂ ತೆರೆಗೆ ತಂದ ಪ್ರಮುಖರಲ್ಲಿ ಒಬ್ಬರು. ಇವರು ಫ್ರಾನ್ಸ್‌ನಲ್ಲಿ ಚಲನಚಿತ್ರ ಶಿಕ್ಷಣ ಪಡೆದರು.

ತಬತಬ

ಇವರ ಮೊದಲ ಪೂರ್ಣಾವಧಿಯ ಕಥಾಚಿತ್ರ 'ತಬತಬ' 1988ರ ಕಾನ್ ಚಿತ್ರೋತ್ಸವದ ಡೈರೆಕ್ಟರ್ಸ್ ಫೋರ್ಟ್‌ನೈಟ್ ವಿಭಾಗದಲ್ಲಿ ಪ್ರದರ್ಶನಗೊಂಡಿತು. ಮಲಗಾಸಿ ಭಾಷೆಯಲ್ಲಿ ಈ ಪದಕ್ಕೆ ಗದ್ದಲ ಎಂದರ್ಥ. ಫ್ರೆಂಚ್ ವಸಾಹತು ಆಡಳಿತದ ವಿರುದ್ಧ 1947ರಲ್ಲಿ ನಡೆದ ದಂಗೆ ಇದರ ವಸ್ತು. ಆದರೆ ಚಿತ್ರವು ರಣರಂಗವನ್ನಲ್ಲ, ಹಳ್ಳಿಯಲ್ಲಿ ಉಳಿದವರನ್ನು ಕುರಿತದ್ದು. ಹೋರಾಡುವ ವಯಸ್ಸಾಗದ ಸೊಲೊ ಎಂಬ ಬಾಲಕನು, ದಂಗೆಗೆ ಹೋದ ಅಣ್ಣನು ವೀರನಾಗಿ ಮರಳುವನೆಂದು ನಂಬಿರುತ್ತಾನೆ. ಮುಂದಾಗುವುದನ್ನು ಅಜ್ಜಿ ಬಲ್ಲಳು. ತಿಂಗಳುಗಟ್ಟಲೆ ಬರುವುದು ಬರಿಯ ವದಂತಿಗಳು. ಕೊನೆಗೆ ಬರುವುದು ಫ್ರೆಂಚ್ ಸೇನೆ. ಹಸಿವು ಮತ್ತು ರೋಗಗಳಿಂದ ನರಳುವವರು ಹೆಂಗಸರು, ಮಕ್ಕಳು ಹಾಗೂ ವೃದ್ಧರು.

ಇತರ ಚಿತ್ರಗಳು

'ನಕ್ಷತ್ರಗಳು ಕಡಲನ್ನು ಸಂಧಿಸಿದಾಗ' ಎಂಬ ಅರ್ಥದ ಶೀರ್ಷಿಕೆಯುಳ್ಳ 1996ರ ಚಿತ್ರವು, ಸೂರ್ಯಗ್ರಹಣದಂದು ಹುಟ್ಟಿದ ಕಾರಣಕ್ಕೆ ಶೈಶವದಲ್ಲಿಯೇ ದನದ ದೊಡ್ಡಿಗೆ ಎಸೆಯಲ್ಪಟ್ಟು, ಕಾಲು ಊನವಾಗಿ ಬದುಕುಳಿದ ಕಪಿಲ ಎಂಬಾತನ ಕಥೆ. 2005ರಲ್ಲಿ ಸೀಸರ್ ಪೇಸ್ ಅವರೊಡನೆ, 1972ರ ಚಳವಳಿಯ ಕಾಲದಲ್ಲಿ ಮೂಡಿಬಂದ ಮಹಲೆಯೊ ಸಂಗೀತ ತಂಡದ ಕುರಿತು ಅದೇ ಹೆಸರಿನ ಸಾಕ್ಷ್ಯಚಿತ್ರವನ್ನು ನಿರ್ದೇಶಿಸಿದರು.

ಮಹತ್ವ

ದಂಗೆಯನ್ನು ಸೋತವರ ಮನೆಯಂಗಳದಿಂದ ಕಂಡು ಚಿತ್ರಿಸಿದ್ದು 'ತಬತಬ'ದ ವಿಶೇಷ.