ಜ್ವರ ಬಿಟ್ಟ ಮೇಲೂ ಬಿಡದ ದಣಿವು

"ಜ್ವರ ಹೋದ್ವು ಖರೆ, ಕೈಕಾಲಾಗ ಕಸುವು ಬರಲಿಲ್ಲ" ಎಂಬ ಮಾತು ಚಿಂಚೋಳಿ, ಸೇಡಂ, ಚಿತ್ತಾಪುರದ ಕಡೆಯ ಮನೆಗಳಿಗೆ ಹೊಸದೇನಲ್ಲ. ತೆಲಂಗಾಣದ ಗಡಿಗೆ ಅಂಟಿಕೊಂಡಿರುವ ಕುಂಚಾವರಂ ಭಾಗದಲ್ಲಿ ಕನ್ನಡ, ತೆಲುಗು, ಲಂಬಾಣಿ, ಉರ್ದು ನಾಲ್ಕೂ ಕೇಳಿಬರುತ್ತವೆ. ಒಬ್ಬರು ಸುಸ್ತು ಎಂದರೆ ಇನ್ನೊಬ್ಬರು ನೀರಸಂ ಎನ್ನುತ್ತಾರೆ, ಮತ್ತೊಬ್ಬರು ಕಮ್‌ಜೋರಿ ಎನ್ನುತ್ತಾರೆ. ಹೆಸರುಗಳು ಇಷ್ಟಿದ್ದರೂ ಈ ಬೇನೆಗೆ ನಮ್ಮ ಕುಟುಂಬಗಳಲ್ಲಿ ಸಲ್ಲಬೇಕಾದ ಮನ್ನಣೆ ಸಂದಿಲ್ಲ. ಮೈ ಸುಡುತ್ತಿರುವವರೆಗೆ ಆತ ರೋಗಿ. ಗಂಜಿ, ಹಣ್ಣು, ಆರೈಕೆ ಎಲ್ಲವೂ ಉಂಟು. ಜ್ವರ ಇಳಿದು ತಿಂಗಳು ಕಳೆದರೆ ಅದೇ ಮನುಷ್ಯ ಮೈಗಳ್ಳ. ಸೊಸೆಯಾದರಂತೂ ಕೇಳುವುದೇ ಬೇಡ. ಈ ವಾರ ನಾವು ಬರೆಯಹೊರಟಿರುವುದು ಇಂಥವರ ಕುರಿತು.

ವೈದ್ಯಶಾಸ್ತ್ರದಲ್ಲಿ ಈ ದೀರ್ಘ ದಣಿವಿನೊಡನೆ ಹೆಚ್ಚು ಬೆಸೆದುಕೊಂಡಿರುವ ಕಾಯಿಲೆ ಗ್ರಂಥಿಜ್ವರ. ಕುತ್ತಿಗೆಯ ಗ್ರಂಥಿಗಳು ಊದಿಕೊಂಡು, ಗಂಟಲು ಹುಣ್ಣಾಗಿ, ವಾರಗಟ್ಟಲೆ ಜ್ವರ ಕಾಯುವ ಈ ವ್ಯಾಧಿಯನ್ನು 1889ರಲ್ಲಿ ಜರ್ಮನಿಯ ವೈದ್ಯ ಎಮಿಲ್ ಫೈಫರ್ ವಿವರಿಸಿದರು. ಅದಕ್ಕೆ ಬಹುಮಟ್ಟಿಗೆ ಕಾರಣವಾದ ವೈರಾಣುವನ್ನು 1964ರಲ್ಲಿ ಲಂಡನ್ನಿನಲ್ಲಿ ಎಪ್‌ಸ್ಟೀನ್, ಅಚಾಂಗ್ ಮತ್ತು ಬಾರ್ ಎಂಬ ಮೂವರು ಗುರುತಿಸಿದರು. ಇದು ಎಂಜಲಿನ ಮೂಲಕ ಹರಡುತ್ತದೆ. ನಮ್ಮ ದೇಶದಲ್ಲಿ ಒಂದೇ ತಟ್ಟೆ, ಒಂದೇ ಲೋಟ, ಮಗುವಿಗೆ ತುತ್ತನ್ನು ಅಗಿದು ತಿನ್ನಿಸುವ ಅಜ್ಜಿ, ಇವೆಲ್ಲ ಇರುವುದರಿಂದ ಹೆಚ್ಚಿನವರಿಗೆ ಈ ಸೋಂಕು ಎಳೆವಯಸ್ಸಿನಲ್ಲಿಯೇ ತಗಲಿ, ಸಾಮಾನ್ಯ ನೆಗಡಿಜ್ವರದಂತೆ ಬಂದು ಹೋಗಿಬಿಡುತ್ತದೆ. ಬಾಲ್ಯದಲ್ಲಿ ತಪ್ಪಿ ಹದಿಹರೆಯದಲ್ಲಿ ಬಂದರೆ ಮಾತ್ರ ಅದು ಉಗ್ರವಾಗುತ್ತದೆ. ಹಾಸ್ಟೆಲಿನಲ್ಲಿ ಓದುವ ಮಕ್ಕಳಿರುವ ತಂದೆತಾಯಿಯರು ಇಷ್ಟನ್ನು ತಿಳಿದಿದ್ದರೆ ಒಳ್ಳೆಯದು: ಈ ಜ್ವರದಲ್ಲಿ ಗುಲ್ಮ ಊದಿಕೊಳ್ಳುವುದುಂಟು, ಆದುದರಿಂದ ಕೆಲವು ವಾರ ಭಾರ ಎತ್ತುವುದು, ಕಬಡ್ಡಿ ಆಡುವುದು ಸಲ್ಲದು. ಗಂಟಲು ನೋವೆಂದು ಅಮಾಕ್ಸಿಸಿಲಿನ್ ಕೊಟ್ಟರೆ ಮೈತುಂಬ ದದ್ದು ಏಳುವುದೂ ಉಂಟು.

ಆದರೆ ನಮ್ಮ ಭಾಗದಲ್ಲಿ ಇಂಥ ದಣಿವನ್ನು ಊರೂರಿಗೆ ಹಂಚಿದ್ದು ಗ್ರಂಥಿಜ್ವರವಲ್ಲ, ಚಿಕೂನ್‌ಗುನ್ಯ. 1973ರಲ್ಲಿ ನೆರೆಯ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ ಕಾಣಿಸಿಕೊಂಡ ನಂತರ ಈ ರೋಗ ಮೂರು ದಶಕಗಳ ಕಾಲ ದೇಶದಲ್ಲಿ ದೊಡ್ಡದಾಗಿ ತಲೆಯೆತ್ತಿರಲಿಲ್ಲ. 2005ರ ಕೊನೆಯಲ್ಲಿ ಆಂಧ್ರ, ಕರ್ನಾಟಕ, ಮಹಾರಾಷ್ಟ್ರಗಳಲ್ಲಿ ಮರಳಿ ಎದ್ದಿತು. ಅಂದಿನ ಗುಲಬರ್ಗಾ ಜಿಲ್ಲೆ ರಾಜ್ಯದಲ್ಲಿ ಮೊದಮೊದಲು ಪೆಟ್ಟು ತಿಂದ ಜಿಲ್ಲೆಗಳಲ್ಲೊಂದು. 2006ರಲ್ಲಿ ದೇಶದಾದ್ಯಂತ ಶಂಕಿತ ರೋಗಿಗಳ ಲೆಕ್ಕ ಸುಮಾರು 13.9 ಲಕ್ಷ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು, ಅಂದರೆ 7.5 ಲಕ್ಷಕ್ಕೂ ಮೀರಿ, ಕರ್ನಾಟಕದವರು. ಆಸ್ಪತ್ರೆಯ ಮೆಟ್ಟಿಲು ಹತ್ತದವರು ಈ ಲೆಕ್ಕಕ್ಕೆ ಸೇರಿಲ್ಲ. ನೀರಿನ ಅಭಾವದಿಂದ ಬ್ಯಾರಲ್, ಕೊಡ, ಸಿಮೆಂಟ್ ತೊಟ್ಟಿಗಳಲ್ಲಿ ದಿನಗಟ್ಟಲೆ ನೀರು ಹಿಡಿದಿಡುವ ಊರುಗಳಲ್ಲಿ ಹಗಲು ಕಚ್ಚುವ ಈಡಿಸ್ ಸೊಳ್ಳೆಗೆ ಬೇರೆ ಮನೆ ಬೇಕಾಗಿರಲಿಲ್ಲ. ಚಿಕೂನ್‌ಗುನ್ಯ ಎಂಬುದು ಆಫ್ರಿಕದ ಮಕೊಂಡೆ ಭಾಷೆಯ ಪದ. ಬಾಗಿಸುವಂಥದ್ದು ಎಂದು ಅದರರ್ಥ. ಹೆಸರಿಗೆ ತಕ್ಕಂತೆ ಅದು ಕೀಲುಗಳನ್ನು ಹಿಡಿದು ಜನರನ್ನು ಬಾಗಿಸಿತು. ಕೀಲುನೋವಿನ ಮಾತು ಎಲ್ಲರೂ ಆಡಿದರು. ಅದರೊಡನೆ ಬಂದು ಉಳಿದುಕೊಂಡ ಬಳಲಿಕೆಯ ಮಾತನ್ನು ಆಡಿದವರು ಕಡಿಮೆ. ಅದೇ 2005-06ರಲ್ಲಿ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಮೂರನೇ ಒಂದು ಭಾಗಕ್ಕೂ ಹೆಚ್ಚು ಜನರಿಗೆ ಈ ರೋಗ ತಗಲಿತ್ತು. ಎರಡು ವರ್ಷದ ಮೇಲೆ ಅಲ್ಲಿನವರನ್ನು ವಿಚಾರಿಸಿದಾಗ, ರೋಗ ಬಾರದವರಿಗಿಂತ ಬಂದವರಲ್ಲಿಯೇ ನೋವೂ ದಣಿವೂ ಹೆಚ್ಚೆಂದು ಕಂಡುಬಂದಿತು.

ಈ ದಣಿವು ಮನಸ್ಸಿನ ಕಲ್ಪನೆಯೇ, ಶರೀರದ್ದೇ? ಈ ಪ್ರಶ್ನೆಗೆ ಸ್ಪಷ್ಟ ಬೆಳಕು ಚೆಲ್ಲಿದ್ದು ಆಸ್ಟ್ರೇಲಿಯದ ಡಬ್ಬೊ ಎಂಬ ಪಟ್ಟಣ. ಕುರಿ ಸಾಕಣೆಯ ಸೀಮೆಯಲ್ಲಿರುವ ಆ ಊರಿನಲ್ಲಿ ಮೂರು ಬೇರೆ ಬೇರೆ ಸೋಂಕುಗಳಿಗೆ ತುತ್ತಾದ 253 ಮಂದಿಯನ್ನು ವೈದ್ಯರು ರೋಗದ ಆರಂಭದಿಂದಲೇ ಹಿಂಬಾಲಿಸಿ ನೋಡುತ್ತ ಬಂದರು. ಒಂದು ಗ್ರಂಥಿಜ್ವರ, ಎರಡನೆಯದು ದನಕುರಿಗಳಿಂದ ಬರುವ ಕ್ಯೂ ಜ್ವರ, ಮೂರನೆಯದು ಸೊಳ್ಳೆಯಿಂದ ಹರಡುವ ರಾಸ್ ನದಿ ಜ್ವರ. ಈ ಕೊನೆಯದರ ವೈರಾಣು ಚಿಕೂನ್‌ಗುನ್ಯದ ವೈರಾಣುವಿನ ದಾಯಾದಿ. ಆರು ತಿಂಗಳಾದ ಮೇಲೂ ಏಳಲಾರದ ದಣಿವು, ಮೈಕೈ ನೋವು, ಮಂಕು ಉಳಿದವರು 100ಕ್ಕೆ 12 ಮಂದಿ. ವಿಶೇಷವೆಂದರೆ, ಯಾವ ಸೋಂಕು ಬಂದಿತ್ತು ಎಂಬುದರಿಂದ ಈ ಪ್ರಮಾಣ ಬಹಳವಾಗಿ ಬದಲಾಗಲಿಲ್ಲ. ರೋಗಿಯ ವಯಸ್ಸು, ಮೊದಲಿನ ಮನಃಸ್ಥಿತಿ ಇವೂ ಮುಖ್ಯವಾಗಲಿಲ್ಲ. ಮೊದಲ ದಿನಗಳಲ್ಲಿ ಜ್ವರ ಎಷ್ಟು ತೀವ್ರವಾಗಿತ್ತು ಎಂಬುದೇ ಮುಂದಿನದನ್ನು ಸೂಚಿಸುತ್ತಿತ್ತು. ಈ ವರದಿ ಪ್ರಕಟವಾದದ್ದು ನಮ್ಮ ಜಿಲ್ಲೆ ಹಾಸಿಗೆ ಹಿಡಿದಿದ್ದ ಅದೇ 2006ರಲ್ಲಿ. ಮನಸ್ಸು ಗಟ್ಟಿಯಿಲ್ಲದವರಿಗೆ ಹೀಗಾಗುತ್ತದೆ ಎನ್ನುವ ಮಾತಿಗೆ ಆಮೇಲೆ ಆಧಾರ ಉಳಿಯಲಿಲ್ಲ ಎಂದೇ ನಾವು ಭಾವಿಸುತ್ತೇವೆ.

ಅಂಥ ಮಾತಿಗೆ ಹಳೆಯ ಇತಿಹಾಸವಿದೆ. 1955ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯಲ್ಲಿ ಸುಮಾರು 300 ಮಂದಿ ಸಿಬ್ಬಂದಿ ಇಂಥದೇ ಕಾಯಿಲೆಯಿಂದ ಮಲಗಿದರು. ಅನೇಕರು ವರ್ಷಗಟ್ಟಲೆ ಚೇತರಿಸಿಕೊಳ್ಳಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 1969ರಲ್ಲಿ ಇದನ್ನು ನರಮಂಡಲದ ರೋಗಗಳ ಸಾಲಿಗೆ ಸೇರಿಸಿತು. ಮರುವರ್ಷವೇ ಇಬ್ಬರು ಮನೋವೈದ್ಯರು, ರೋಗಿಗಳಲ್ಲಿ ಹೆಚ್ಚಿನವರು ಹೆಂಗಸರು ಎಂಬುದನ್ನೂ ಒಂದು ಆಧಾರವಾಗಿ ಹಿಡಿದು, ಅದು ಸಾಮೂಹಿಕ ಉನ್ಮಾದ ಎಂದು ಬರೆದರು. ದಾದಿಯರು ಬಿದ್ದರೆ ನಾಟಕವೆನ್ನುವ ಬುದ್ಧಿ ಲಂಡನ್ನಿಗೂ ಹೊಸದಲ್ಲ, ನಮಗೂ ಹೊಸದಲ್ಲ!

ಈ ದಣಿವಿನ ಲಕ್ಷಣವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ತಪ್ಪು ತಿಳಿವಳಿಕೆ ಹುಟ್ಟುವುದು ಇಲ್ಲಿಯೇ. ಹೊಲದಲ್ಲಿ ದಿನವಿಡೀ ಕಳೆ ತೆಗೆದವನ ಆಯಾಸ ಒಂದು ರಾತ್ರಿಯ ನಿದ್ರೆಗೆ ಕರಗುತ್ತದೆ. ಇದು ನಿದ್ರೆಗೆ ಕರಗದು. ಎದ್ದಾಗ ಮಲಗಿದಾಗಿಗಿಂತ ಹೆಚ್ಚು ಸೋತಿರುತ್ತಾರೆ. ಮಾತಿನ ನಡುವೆ ಪದ ಮರೆತುಹೋಗುತ್ತದೆ, ಲೆಕ್ಕ ತಪ್ಪುತ್ತದೆ. ಕೆಲವರಿಗೆ ನಿಂತರೆ ತಲೆ ಸುತ್ತಿ ಎದೆ ಬಡಿದುಕೊಳ್ಳುತ್ತದೆ. ಎಲ್ಲಕ್ಕಿಂತ ಮುಖ್ಯವಾದ ಗುರುತು, ದುಡಿಮೆಯ ಪೆಟ್ಟು ತಡವಾಗಿ ಬೀಳುವುದು. ಭಾನುವಾರ ಮೈ ಹಗುರವಾಗಿದೆಯೆಂದು ಮನೆ ಸಾರಿಸಿ, ಬಟ್ಟೆ ಒಗೆದು, ನಂಟರಿಗೆ ಅಡುಗೆ ಮಾಡಿದಾಕೆ ಸೋಮವಾರವೂ ಓಡಾಡಿಕೊಂಡಿರಬಹುದು. ಮಂಗಳವಾರ ಹಾಸಿಗೆಯಿಂದ ಏಳಲಾರಳು. ನೋಡುವವರಿಗೆ ಭಾನುವಾರ ಕಾಣುತ್ತದೆ, ಮಂಗಳವಾರ ಕಾಣುವುದಿಲ್ಲ. ಬಂದವರ ಮುಂದೆ ಚೆನ್ನಾಗಿಯೇ ಇದ್ದಳಲ್ಲ ಎಂಬ ಆಕ್ಷೇಪ ಇಲ್ಲಿಂದ ಹೊರಡುತ್ತದೆ. 2015ರಲ್ಲಿ ಅಮೆರಿಕದ ವೈದ್ಯವಿಜ್ಞಾನ ಸಂಸ್ಥೆಯ ವರದಿಯು ಆರು ತಿಂಗಳು ಮೀರಿದ ದಣಿವು, ದುಡಿಮೆಯ ನಂತರದ ಈ ಕುಸಿತ, ತಣಿಸದ ನಿದ್ರೆ ಇವುಗಳನ್ನೇ ರೋಗನಿರ್ಣಯದ ಮುಖ್ಯ ಆಧಾರಗಳನ್ನಾಗಿ ಇರಿಸಿತು.

ಹಾಗೆಂದು ಪ್ರತಿಯೊಂದು ಸುಸ್ತನ್ನೂ ಹಳೆಯ ಜ್ವರದ ಲೆಕ್ಕಕ್ಕೆ ಬರೆಯುವುದು ಅಪಾಯ. ರಕ್ತಹೀನತೆ, ಥೈರಾಯಿಡ್ ಕೊರತೆ, ಸಕ್ಕರೆ ಕಾಯಿಲೆ, ಕ್ಷಯ, ಬಿ12 ಜೀವಸತ್ವದ ಕೊರತೆ, ಕುರಿಮೇಕೆ ಸಾಕುವವರಲ್ಲಿ ಬ್ರುಸೆಲ್ಲಾ ಸೋಂಕು ಇವೆಲ್ಲವೂ ಮೊದಲು ದಣಿವಾಗಿಯೇ ತೋರುತ್ತವೆ, ಮತ್ತು ಇವೆಲ್ಲಕ್ಕೂ ಮದ್ದಿದೆ. ಷಹಾಬಾದ್, ವಾಡಿಯ ಕಡೆ ಕಲ್ಲಿನ ಧೂಳಿನಲ್ಲಿ ದುಡಿದವರು ಎದೆಯ ಎಕ್ಸ್‌ರೇ ತೆಗೆಸದೆ ಬಿಡಬಾರದು. ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತ, ಕಫ ಪರೀಕ್ಷೆ ಮಾಡಿಸಿ ಇವಾವುವೂ ಇಲ್ಲವೆಂದು ಖಚಿತವಾದ ಮೇಲೆ ಮಾತ್ರ ಜ್ವರದ ಬೆನ್ನಿಗೆ ಬಂದ ದಣಿವಿನ ಮಾತು. ನಮ್ಮಲ್ಲಿ ಇದಕ್ಕೆ ತಿರುವುಮುರುವು ನಡೆಯುತ್ತದೆ. ಸುಸ್ತೆಂದೊಡನೆ ಹತ್ತಿರದವರಲ್ಲಿ ಹೋಗಿ ಒಂದು ಸಲೈನ್ ಹಚ್ಚಿಸಿಕೊಂಡು ಬರುತ್ತಾರೆ. ಆ ಬಾಟಲಿಯಲ್ಲಿರುವುದು ಉಪ್ಪು ನೀರು ಅಥವಾ ಸಕ್ಕರೆ ನೀರು. ವಾಂತಿ ಭೇದಿಯಲ್ಲಿ ಜೀವ ಉಳಿಸುವಂಥದು ಹೌದು, ವರ್ಷಗಳ ದಣಿವಿಗೆ ಅದು ಔಷಧವಲ್ಲ. ಹೆಸರಿಲ್ಲದ ಪೊಟ್ಟಣದ ಗುಳಿಗೆ ನುಂಗಿ ಎರಡೇ ದಿನಕ್ಕೆ ಮೈ ಹಗುರವಾಯಿತೆಂದರೆ ಅದರಲ್ಲಿ ಸ್ಟೀರಾಯ್ಡ್ ಇರುವ ಸಂಭವವೇ ಹೆಚ್ಚು. ಅದರ ಸುಂಕವನ್ನು ಮೂಳೆ, ಸಕ್ಕರೆ, ಕಣ್ಣು ಆಮೇಲೆ ತೆರುತ್ತವೆ. ಒಂದು ದಿನದ ಕೂಲಿ ಸಲೈನಿಗೆ ಹೋಗುವ ಬದಲು ಹಾಲು, ಬೇಳೆ, ಮೊಟ್ಟೆಗೆ ಹೋಗಲಿ ಎಂಬುದು ನಮ್ಮ ಅಭಿಪ್ರಾಯ.

ಇದಕ್ಕೆ ನೇರವಾದ ಮದ್ದು ಇನ್ನೂ ದೊರೆತಿಲ್ಲ. ಬಹುಕಾಲ ವೈದ್ಯರೇ, ದಿನದಿನಕ್ಕೆ ವ್ಯಾಯಾಮ ಹೆಚ್ಚಿಸುತ್ತ ಹೋಗಿ, ದಣಿದರೂ ನಿಲ್ಲಿಸಬೇಡಿ ಎಂದು ಹೇಳುತ್ತಿದ್ದರು. ಅದರಿಂದ ಕೆಟ್ಟೆವೆಂದು ರೋಗಿಗಳು ದೂರುತ್ತ ಬಂದರು. ಕೊನೆಗೆ 2021ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಆರೋಗ್ಯ ಮಾರ್ಗದರ್ಶಿ ಸಂಸ್ಥೆ ಆ ಸಲಹೆಯನ್ನು ಕೈಬಿಟ್ಟು, ಇರುವ ಶಕ್ತಿಯ ಮಿತಿಯೊಳಗೆ ಕೆಲಸವನ್ನು ಹಂಚಿಕೊಳ್ಳಿ ಎಂದಿತು. ಅಷ್ಟರಲ್ಲಿ ಕೋವಿಡ್ ಬಂದಾಗಿತ್ತು. ಭಾರತದಲ್ಲಿ ಅದರಿಂದ ಸಂಭವಿಸಿದ ಮೊದಲ ಸಾವು 2020ರ ಮಾರ್ಚಿನಲ್ಲಿ ಕಲಬುರಗಿಯ ಹಿರಿಯರೊಬ್ಬರದು ಎಂಬುದು ನಮ್ಮವರಿಗೆ ಮರೆತಿರಲಾರದು. ಆ ಜ್ವರದಿಂದ ಎದ್ದವರಲ್ಲಿ ಹಲವರು ತಿಂಗಳುಗಟ್ಟಲೆ ಮೆಟ್ಟಿಲು ಹತ್ತಲಾರದೆ ಕುಳಿತರು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅದಕ್ಕೊಂದು ಪ್ರತ್ಯೇಕ ವ್ಯಾಖ್ಯೆಯನ್ನೇ ಕೊಟ್ಟಿತು. ಹೀಗೆ, ಒಬ್ಬೊಬ್ಬರೇ ಅನುಭವಿಸಿ ಬೈಸಿಕೊಂಡಿದ್ದನ್ನು ಲೋಕವೇ ಅನುಭವಿಸಿದ ಮೇಲೆ ನಂಬಿಕೆ ಹುಟ್ಟಿತು.

ಕಥೋಲಿಕ ಕುಟುಂಬಗಳಲ್ಲಿ ಈ ಬೇನೆಗೆ ಇನ್ನೊಂದು ಮುಳ್ಳಿದೆ. ಸೋಮಾರಿತನ ಏಳು ಮೂಲ ಪಾಪಗಳಲ್ಲೊಂದೆಂದು ಧರ್ಮೋಪದೇಶದಲ್ಲಿ ಕಲಿತವರು ಹಾಸಿಗೆಯಲ್ಲಿ ಮಲಗಿ ತಮ್ಮ ಆತ್ಮವನ್ನೇ ಶೋಧಿಸಿಕೊಳ್ಳುತ್ತಾರೆ. ಪಾಪನಿವೇದನೆಯಲ್ಲಿ ಇದನ್ನೇ ಮತ್ತೆ ಮತ್ತೆ ಹೇಳಿಕೊಳ್ಳುವವರೂ ಉಂಟು. ಸೋಮಾರಿಗೆ ಮಾಡುವ ಶಕ್ತಿಯಿದೆ, ಮನಸ್ಸಿಲ್ಲ; ಇವರಿಗೆ ಮನಸ್ಸಿದೆ, ಶಕ್ತಿಯಿಲ್ಲ. ಕಾಯಿಲೆಯವರಿಗೆ ಭಾನುವಾರದ ಬಲಿಪೂಜೆಯ ಕಡ್ಡಾಯವಿಲ್ಲ, ತಪಸ್ಸುಕಾಲದ ಉಪವಾಸದ ಕಟ್ಟೂ ಇಲ್ಲ. ಪೂಜೆಗೆ ಬರುವವರು ಇಡೀ ಹೊತ್ತು ಕುಳಿತೇ ಇದ್ದರೆ ಅಕ್ಕಪಕ್ಕದವರು ತಿರುಗಿ ನೋಡಬೇಕಾದ್ದಿಲ್ಲ. ಬರಲಾರದವರ ಮನೆಗೆ ಪರಮಪ್ರಸಾದ ತರುವಂತೆ ಗುರುಗಳನ್ನು ಕೇಳಿಕೊಳ್ಳಲು ಸಂಕೋಚವೂ ಬೇಡ. ಮರಣಶಯ್ಯೆಯಲ್ಲಿರುವವರಿಗೆ ಮಾತ್ರ ಮೀಸಲಾದ ಸೇವೆ ಅದಲ್ಲ. ಅಡವಿಯಲ್ಲಿ ಸೋತು ಸಾವನ್ನೇ ಬೇಡಿದ ಎಲೀಯನಿಗೆ ದೇವದೂತನು ಬೋಧನೆ ಮಾಡಲಿಲ್ಲ. ಉಣಿಸಿ, ಮಲಗಗೊಟ್ಟು, ಎಬ್ಬಿಸಿ ಮತ್ತೆ ಉಣಿಸಿದನು. ಪೋಪ್ ಎರಡನೆಯ ಜಾನ್ ಪೌಲರು 1992ರಲ್ಲಿ ಸ್ಥಾಪಿಸಿದ ವಿಶ್ವ ರೋಗಿಗಳ ದಿನವನ್ನು 1993ರಿಂದ ಪ್ರತಿ ಫೆಬ್ರವರಿ 11ರಂದು ಆಚರಿಸಲಾಗುತ್ತಿದೆ. ಆ ದಿನದ ಪ್ರಾರ್ಥನೆಗಳಲ್ಲಿ ಎದ್ದು ಓಡಾಡುವಂತೆ ಕಾಣುವ ಈ ರೋಗಿಗಳ ನೆನಪೂ ಇರಬೇಕೆಂದು ನಾವು ಬಯಸುತ್ತೇವೆ.

ಇನ್ನು ಮನೆಯ ವ್ಯವಹಾರ. ಕೂಲಿ ನಂಬಿದ ಮನೆಯಲ್ಲಿ ವಿಶ್ರಾಂತಿ ತೆಗೆದುಕೊಳ್ಳಿ ಎನ್ನುವುದು ಸುಲಭ, ನಡೆಸುವುದು ಕಠಿಣ. ಇದನ್ನು ಅರಿತೇ ಹೇಳುತ್ತಿದ್ದೇವೆ. ದಣಿದ ಮೇಲೆ ಮಲಗುವುದಕ್ಕಿಂತ ದಣಿಯುವ ಮೊದಲೇ ಕೂರುವುದು ಮೇಲು. ನೀರು ಹೊರುವುದು, ಬಟ್ಟೆ ಒಗೆಯುವುದು, ರೊಟ್ಟಿ ಬಡಿಯುವುದು ಮೂರನ್ನೂ ಒಂದೇ ಮುಂಜಾನೆ ಒಬ್ಬಳ ಮೇಲೆ ಹೇರದೆ, ನೀರನ್ನು ಮನೆಯ ಗಂಡುಮಕ್ಕಳು ಹೊತ್ತರೆ ಅರ್ಧ ಭಾರ ಇಳಿಯಿತು. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿದಿನ ಮಾಡಿದ ಕೆಲಸ ಮತ್ತು ಎರಡು ದಿನದ ನಂತರ ಮೈ ಹೇಗಿತ್ತೆಂಬುದನ್ನು ಬರೆದಿಟ್ಟರೆ, ತಿಂಗಳೊಳಗೆ ಯಾವುದು ತಡೆಯುತ್ತದೆ, ಯಾವುದು ಕೆಡವುತ್ತದೆ ಎಂಬುದು ಕಣ್ಣಿಗೆ ಕಾಣುತ್ತದೆ. ಬರೆಯಲು ಬಾರದವರಿಗೆ ಶಾಲೆಗೆ ಹೋಗುವ ಮಗು ಬರೆದುಕೊಡಲಿ. ವೈದ್ಯರ ಬಳಿ ಹೋಗುವಾಗ ಅದೇ ಪುಸ್ತಕವನ್ನು ಒಯ್ಯಬೇಕು. ಎರಡು ನಿಮಿಷದ ಭೇಟಿಯಲ್ಲಿ ಬಾಯಿಂದ ಹೇಳಲಾಗದ್ದನ್ನು ಅದು ಹೇಳುತ್ತದೆ. ಮೈ ಹಗುರವಾದ ದಿನ ಬಾಕಿ ಕೆಲಸವನ್ನೆಲ್ಲ ಮುಗಿಸಿಬಿಡುವ ಆಸೆಯನ್ನು ತಡೆದುಕೊಳ್ಳುವುದು ಎಲ್ಲಕ್ಕಿಂತ ಕಷ್ಟ, ಮತ್ತು ಎಲ್ಲಕ್ಕಿಂತ ಅಗತ್ಯ.

ಡಿಸೆಂಬರು, ಜನವರಿಯಲ್ಲಿ ತೊಗರಿಯ ರಾಶಿ ಬರುತ್ತದೆ. ಕ್ರಿಸ್ಮಸ್ಸಿನ ಓಡಾಟವೂ ಆಗಲೇ. ಇಂಥವರಿರುವ ಮನೆಗಳು ಆ ವಾರಗಳಿಗೆ ಈಗಲೇ ಲೆಕ್ಕ ಹಾಕಿಕೊಳ್ಳುವುದು ಒಳಿತು: ರಾಶಿಗೆ ಯಾರ ಕೈ ಸಾಲ ತರುವುದು, ಕರ್ಜಿಕಾಯಿ ಕರಿಯುವವರು ಯಾರು, ನಡುರಾತ್ರಿಯ ಪೂಜೆಗೆ ಹೋಗಬೇಕೆನ್ನುವ ತಾಯಿ ಅದರ ಹಿಂದಿನ ಎರಡು ದಿನ ಯಾವ ಕೆಲಸದಿಂದ ಬಿಡುವು ಪಡೆಯುವುದು.